ಬೆನ್ನ ಹಿಂದಿನ ಕೋಣೆ
ಆಫೀಸಿನಲ್ಲಿ ಅವನಿಗೆ ‘ಮೊದಲ ಬಸ್ಸು’ ಎಂದೇ ಅಡ್ಡಹೆಸರು. ಇನ್ನು ಕಾಯಂ ಆಗಿ ಮನೆಯಿಂದಲೇ ಕೆಲಸ ಎಂದ ಕಂಪನಿಯ ಮಾತು ನಂಬಿ, ಎರಡು ಗಂಟೆ ದೂರದಲ್ಲಿ ಮನೆ ಕೊಂಡು, ಮಗಳು ಆಡುವ ಕೋಣೆಯಲ್ಲೇ ಮೇಜು ಹಾಕಿಕೊಂಡಿದ್ದ ಜಾಣ ಅವನು. ಈಗ ಒಟ್ಟಿಗೆ ಕೂತರೇ ಒಗ್ಗಟ್ಟು ಎಂದು ಕಂಪನಿಗೆ ಜ್ಞಾನೋದಯವಾಗಿದೆ. ಹಾಗಾಗಿ ಮಗಳು ಏಳುವ ಮೊದಲೇ ಬಸ್ಸು ಹತ್ತುತ್ತಾನೆ, ಕಂಬಿ ಹಿಡಿದು ನಿಂತೇ ತೂಕಡಿಸುತ್ತಾನೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಪಕ್ಕದ ಮೇಜಿನವನ ಜೊತೆಗೂ ಕಂಪ್ಯೂಟರಿನಲ್ಲೇ ಮೀಟಿಂಗ್ ಮಾಡುತ್ತಾನೆ. “ಏನ್ ಮಾಡೋದು, ಕರೆದಾಗ ಬರ್ಬೇಕಲ್ಲ” ಎಂಬುದು ಅವನ ಪಲ್ಲವಿ. ಮೀಟಿಂಗಿನಲ್ಲಿ ತನ್ನ ಬೆನ್ನ ಹಿಂದೆ ಕಾಣುವಂತೆ ಆ ಕೋಣೆಯ ಫೋಟೊವನ್ನೇ ಹಾಕಿಕೊಂಡಿದ್ದಾನೆ: ನೀಲಿ ಗೋಡೆ, ಮಗಳ ಮರದ ಕುದುರೆ. “ಮನೇಲೇ ಇದೀನಿ ಅನ್ಸುತ್ತೆ” ಎಂದು ನಗುತ್ತಾನೆ. ಮೊನ್ನೆ ಸಂಜೆ ಬೆನ್ನ ಹಿಂದಿನ ಆ ಫೋಟೊ ತೆಗೆದುಹಾಕುವುದನ್ನು ಮರೆತು ಆಫೀಸಿನ ಕಂಪ್ಯೂಟರಿನಿಂದಲೇ ಮನೆಗೆ ವೀಡಿಯೊ ಕರೆ ಮಾಡಿದ. ನಾಲ್ಕು ವರ್ಷದ ಮಗಳು ದಿಟ್ಟಿಸಿ ನೋಡಿ, “ಅಮ್ಮಾ, ಅಪ್ಪ ರೂಮಲ್ಲಿದಾರೆ” ಎಂದು ಫೋನು ಹಿಡಿದೇ ಓಡಿದಳು. ಮೇಜಿನ ಕೆಳಗೆ, ಬಾಗಿಲ ಹಿಂದೆ, ಕಪಾಟಿನೊಳಗೆ ಅವಳು ಹುಡುಕುವುದನ್ನು ಅವನು ಹೆಡ್‌ಫೋನ್ ಒತ್ತಿ ಹಿಡಿದು ಕೇಳುತ್ತ ಕೂತ. ಆಮೇಲೆ ಸಣ್ಣ ದನಿ ಬಂತು: “ಅಪ್ಪಾ, ನಾನ್ ಸೋತೆ. ಹೊರಗ್ ಬಾ.”