ರಾಣಿಯಮ್ಮನ ಬೆನ್ನು

ಮೂವತ್ತು ವರ್ಷ ನಾಟಕದಲ್ಲಿ ರಾಣಿಯ ಪಾತ್ರವನ್ನೇ ಮಾಡಿದ್ದರಿಂದ ಊರವರಿಗೆಲ್ಲ ಅವಳು ರಾಣಿಯಮ್ಮ. ಸಿನಿಮಾದವರಿಗೆ ಮಾತ್ರ ಅವಳಲ್ಲಿ ರಾಣಿ ಕಾಣಲಿಲ್ಲ. ಮೊದಲ ಚಿತ್ರದಲ್ಲಿ ಪಕ್ಕದ ಮನೆಯವಳು. ಕಿಟಕಿಯ ಸರಳುಗಳ ಹಿಂದೆ ಅರ್ಧ ಮುಖ. ಎರಡನೆಯದರಲ್ಲಿ ದಾದಿ, ಮೂಗಿನಿಂದ ಕೆಳಗೆ ಬಟ್ಟೆ. ಮೂರನೆಯದರಲ್ಲಿ ಬಸ್ಸಿನ ಕೊನೆಯ ಸೀಟು. ಚಿತ್ರಮಂದಿರದಲ್ಲಿ ತಂಗಿ ಎದ್ದು ನಿಂತು ಹುಡುಕಿದ್ದಳು. "ಅಕ್ಕಾ, ನೀನು ಯಾವ ಬಸ್ಸು ಹತ್ತಿದ್ದೆ?"

ಈ ಸಲ ನಾಯಕಿಯ ತಾಯಿ. ತಾಯಿ ಎಂದ ಮೇಲೆ ಮುಖ ಬರದೇ ಇದ್ದೀತೇ? ಮೂರು ದಿನದಿಂದ ಅವಳು ಒಂದು ಕಡೆ ಕೂತವಳಲ್ಲ. ಊಟಕ್ಕೆ ಕೂತರೂ ಕಾಲು ಕುಣಿಯುತ್ತಿತ್ತು.

ಬಾಡಿಗೆ ಮನೆಯೊಂದರ ಅಡುಗೆಮನೆಯಲ್ಲಿ ಶೂಟಿಂಗ್. ಎಳೆ ವಯಸ್ಸಿನ ನಿರ್ದೇಶಕ ವಿವರಿಸಿದ: "ನೀವು ಪಾತ್ರೆ ತೊಳೀತಾ ಇರ್ತೀರಿ ಅಮ್ಮಾ. ಮಗಳು ಬಾಗಿಲಲ್ಲಿ ನಿಂತು, ಅಪ್ಪ ಹೋಗ್ಬಿಟ್ರು ಅಂತಾಳೆ. ನೀವು ತಿರುಗೋ ಹಾಗಿಲ್ಲ. ಕ್ಯಾಮರಾ ನಿಮ್ಮ ಹಿಂದಿರುತ್ತೆ."

"ಮುಖ?"

"ಮುಖ ಬೇಡ."

ನೋಡುವವರಿಗೆ ಬೆನ್ನು ತೋರಿಸಬಾರದು ಎಂದು ನಾಟಕದ ಮೇಷ್ಟ್ರು ಅವಳಿಗೆ ಹದಿನೈದನೇ ವಯಸ್ಸಿನಲ್ಲೇ ಬೆತ್ತ ಹಿಡಿದು ಕಲಿಸಿದ್ದರು. ರಂಗದ ಮೇಲೆ ಗಂಡ ಸತ್ತಾಗಲೂ, ರಾಜ್ಯ ಹೋದಾಗಲೂ ಅವಳು ಬೆಳಕಿಗೆ ಮುಖ ಕೊಟ್ಟೇ ಅತ್ತಿದ್ದಳು.

ಮೊದಲ ಟೇಕಿನಲ್ಲಿ ತಿರುಗಿಯೇಬಿಟ್ಟಳು. ಎರಡನೆಯದರಲ್ಲಿ ಅರ್ಧ. ಮೂರನೆಯದರಲ್ಲಿ ಕಾಲು ಕದಲಲಿಲ್ಲ, ಕತ್ತು ತಾನಾಗಿ ಹೊರಳಿತು.

"ಕೈ ಮುಗೀತೀನಿ ಅಮ್ಮಾ!"

"ಬೇಕಂತ ಮಾಡ್ತಿಲ್ಲಪ್ಪ. ಈ ಕತ್ತು ನನ್ನ ಮಾತು ಕೇಳ್ತಿಲ್ಲ."

ಅವನ ಸಹಾಯಕಿ ಮೆಲ್ಲಗೆ ಅಂದಳು, "ಬೆನ್ನು ತಾನೇ ಸರ್? ಬೇರೆ ಯಾರನ್ನಾದ್ರೂ ನಿಲ್ಲಿಸಿದ್ರಾಯ್ತು."

ರಾಣಿಯಮ್ಮನಿಗೆ ಅದು ಕೇಳಿಸಿತು. ಮನೆಗೆ ಹೋಗಿಬಿಡಲೇ ಎನಿಸಿತು. ಚಪ್ಪಲಿ ಎಲ್ಲಿದೆ ಎಂದು ಕಣ್ಣು ಹುಡುಕಿತು ಕೂಡ. ಆಮೇಲೆ ನಲ್ಲಿ ತಿರುಗಿಸಿ, "ಇನ್ನೊಂದೇ ಸಲ" ಅಂದಳು.

ಬಾಗಿಲಿಂದ ಮಗಳ ಮಾತು ಬಂತು. ಉಜ್ಜುತ್ತಿದ್ದ ಕೈ ನಿಂತಿತು. ಕತ್ತು ಹೊರಳದಂತೆ ಹಲ್ಲು ಕಚ್ಚಿದಳು. ಆ ಬಿಗಿ ಭುಜಕ್ಕಿಳಿಯಿತು, ಭುಜದಿಂದ ಬೆನ್ನಿಗೆ. ಬೆನ್ನು ಸಣ್ಣಗೆ ನಡುಗಿತು. ಮತ್ತೆ ಉಜ್ಜತೊಡಗಿದಳು, ಆಗಲೇ ತೊಳೆದ ಪಾತ್ರೆಯನ್ನೇ. ಎದುರಿಗಿದ್ದದ್ದು ಬರೀ ಗೋಡೆ. ಅದರ ಮುಂದೆ ಅವಳ ಮುಖ ಪೂರ್ತಿ ಒದ್ದೆಯಾಗಿತ್ತು.

"ಕಟ್!" ಅಂದ ನಿರ್ದೇಶಕನ ದನಿ ಒಡೆದಿತ್ತು. "ಇದೇ ಅಮ್ಮಾ, ಇದೇ! ಸಾಕು."

ರಾಣಿಯಮ್ಮ ಅಲುಗಲಿಲ್ಲ. "ಈಗ ತಿರುಗಬಹುದಾ?"

ಎಲ್ಲರೂ ನಕ್ಕರು. ತೋಳಿನಿಂದ ಮುಖವನ್ನು ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಅವಳು ತಿರುಗಿದಳು.