ಮಾತು ಬಿಟ್ಟ ಸೋಮವಾರ

ಹರಿಹರೇಶ್ವರನನ್ನು ನಂಬಿದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಾನು ದಾವಣಗೆರೆ ನಿಟ್ಟುವಳ್ಳಿಯವಳು. ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ನನ್ನ ಬಾಯಿ ಜೋರು ಎಂದು ಓಣಿಗೆಲ್ಲ ಗೊತ್ತು, ನಿಮ್ಮ ಮುಂದೆ ಮುಚ್ಚಿಟ್ಟು ಏನು ಮಾಡಲಿ.

ಕಳೆದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಮನೆಯವರಿಗೆ ಒಣಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ, ಮಲಗಿದರೆ ಮೈಯೆಲ್ಲ ಬೆವರು. ವಿದ್ಯಾನಗರದ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಅವರದು. ಅಲ್ಲಿನ ಮೆಟ್ಟಿಲನ್ನು ಎರಡು ಕಡೆ ಕೂತು ಹತ್ತುವಂತಾಯಿತು. ನ್ಯುಮೋನಿಯಾ ಎಂದು ಔಷಧಿ ಕೊಟ್ಟರು, ಇಳಿಯಲಿಲ್ಲ. ಕಫ ನೋಡಿದರು, ಟಿಬಿ ಇರಲಿಲ್ಲ. ಡಾಕ್ಟರು ಅವರನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡುತ್ತಿದ್ದೆ. "ಬೇರೆ ಮಾತ್ರೆ ಏನೂ ಇಲ್ರಿ. ಬಿಪಿ ಇಲ್ಲ, ಶುಗರ್ ಇಲ್ಲ." ಅವರು ತಲೆ ತಗ್ಗಿಸಿ ಕೂತಿರುತ್ತಿದ್ದರು.

ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲದಂತಾದಾಗ ನನ್ನ ಧೈರ್ಯ ಉಡುಗಿತು. ಒಂದು ಭಾನುವಾರ ಒಬ್ಬಳೇ ಹರಿಹರದ ಬಸ್ಸು ಹತ್ತಿದೆ. "ಸ್ವಾಮಿ, ಅವರ ಉಸಿರು ಉಳಿಸು. ಊಟ ಬಿಡೋದು ನಂಗೇನೂ ಕಷ್ಟ ಇಲ್ಲ, ಮಾತು ಬಿಡೋದೇ ಕಷ್ಟ. ನಾಳೆ ಕಾರ್ತಿಕ ಸೋಮವಾರ, ಇಡೀ ದಿನ ಮಾತೇ ಬಿಡ್ತೀನಿ" ಎಂದು ಗುಡಿಯಲ್ಲಿ ಅತ್ತು ಹರಕೆ ಹೊತ್ತೆ.

ಮರುದಿನ ಬೆಳಿಗ್ಗೆಯೇ ಅವರಿಗೆ ಉಸಿರು ಸಿಗದಂತಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು, ಆಕ್ಸಿಜನ್ ಹಚ್ಚಿದರು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಅಂಚಿಗೆ ಬಿಳಿ ಮಬ್ಬು. ಮೈಗೆ ಒಗ್ಗದ್ದು ಸೇರಿದಾಗ ಹೆಚ್ಚುವ ಇಯೊಸಿನೊಫಿಲ್ ಎಂಬ ಕಣಗಳು ರಕ್ತದಲ್ಲಿ ವಿಪರೀತ ಏರಿದ್ದವು. ಹೊಸ ಡಾಕ್ಟರಮ್ಮ, "ಯಾವುದಾದ್ರೂ ಮಾತ್ರೆ ತಗೋತಿದ್ರೇನ್ರಿ?" ಎಂದು ಅವರನ್ನು ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಗೆ ಬಂತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದೆ. ನಮ್ಮ ಮನೆಯವರು ನನ್ನ ಮುಖ ನೋಡಿ ಕಾದರು. ಆಮೇಲೆ ಮೆಲ್ಲಗೆ ಹೇಳಿದರು, "ಉರಿಮೂತ್ರ ಐತ್ರಿ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಾಗೆ ತಗೊಂಡು ನಾಕು ತಿಂಗಳಿಂದ ಮಾತ್ರೆ ನುಂಗ್ತಿದೀನಿ. ಇವ್ಳಿಗೆ ಹೇಳೋಕೆ ನಾಚಿಕೆ."

"ಕೆಲವರಿಗೆ ಆ ಮಾತ್ರೆಯಿಂದ್ಲೇ ಇಯೊಸಿನೊಫಿಲಿಕ್ ನ್ಯುಮೋನಿಯಾ ಬರ್ತೈತ್ರಿ. ಇನ್ನು ಅದು ಬ್ಯಾಡ" ಎಂದು ಡಾಕ್ಟರಮ್ಮ ಅದನ್ನು ನಿಲ್ಲಿಸಿ ಸ್ಟೀರಾಯ್ಡ್ ಶುರು ಮಾಡಿದರು. ಮೂರನೇ ದಿನ ಆಕ್ಸಿಜನ್ ತೆಗೆದರು. ಅಂದು ಅವರು ಗಂಜಿ ಕುಡಿಯುವುದನ್ನು ನೋಡುತ್ತ ಅತ್ತುಬಿಟ್ಟೆ.

"ನನಗ್ಯಾಕ ಹೇಳ್ಲಿಲ್ರಿ?" ಎಂದೆ.

"ನೀನು ನಂಗೆ ಬಾಯಿ ತೆಗೆಯೋಕೆ ಬಿಟ್ರೆ ತಾನೆ" ಎಂದು ನಕ್ಕರು.

ನಾನು ಅವರ ಉಸಿರು ಬೇಡಿದೆ, ಸ್ವಾಮಿ ನನ್ನ ಬಾಯಿ ಮುಚ್ಚಿಸಿ ಅದನ್ನು ಕೊಟ್ಟ. ಅವನ ಋಣ ಈ ಜನ್ಮದಲ್ಲಿ ತೀರದು. ಡಾಕ್ಟರಮ್ಮನನ್ನೂ ದಿನಾ ನೆನೆಯುತ್ತೇನೆ.

ಹರಕೆ ಒಪ್ಪಿಸಲು ಇಬ್ಬರೂ ಹರಿಹರಕ್ಕೆ ಹೋದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರೇ ಮಾತಾಡಿದರು, ಒಂದು ಸಲವೂ ಕೆಮ್ಮಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ, ಇವರ ಹತ್ತಿರ ಇಷ್ಟು ಮಾತಿದೆಯೆಂದು ನನಗೆ ಗೊತ್ತೇ ಇರಲಿಲ್ಲ.