ಬೊಂಡದಣ್ಣ ಕೇಳಿದ ಸಿಹಿ

ಎಲ್ಲರಿಗೂ ನಮಸ್ಕಾರ. ಗಡ್ಡ ಬಂದು ಎಷ್ಟೋ ವರ್ಷದ ಮೇಲೆ ಹತ್ತನೇ ಕ್ಲಾಸ್ ಪಾಸ್ ಮಾಡಿದವನು ನಾನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಸಾಸ್ತಾನದ ಟೋಲ್ ದಾಟಿ ಟೆಂಪೊ ನಿಲ್ಲಿಸಿದೆ. ರಸ್ತೆ ಬದಿಯಲ್ಲಿ ಯಾರೋ ಬೊಂಡ, ಅಂದರೆ ಎಳನೀರು, ಕೆತ್ತುತ್ತಿದ್ದರು. ಹಸಿ ಸಿಪ್ಪೆಯ ವಾಸನೆ ಬಂತು... ಮರವಂತೆಯ ಬೊಂಡದಣ್ಣ ನೆನಪಾದರು.

ರಸ್ತೆ ಅಗಲವಾಗುವ ಮೊದಲಿನ ಮಾತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ರಸ್ತೆಯ ಅಂಚಿಗೆ ತೆಂಗಿನ ಮಡಲು ಹೊದೆಸಿದ ಅವರ ಬೊಂಡದ ಚಪ್ಪರ. ಬೈಂದೂರಿನಲ್ಲಿ ಸಾಮಾನು ಇಳಿಸಿ ಬರುವಾಗ ಸಂಜೆ ಅಲ್ಲಿ ನಿಲ್ಲಿಸುತ್ತಿದ್ದೆ. ಅವರಿಗೂ ಹಿಂದೆ ಮುಂದೆ ಯಾರೂ ಇರಲಿಲ್ಲ, ನನಗೂ ಇರಲಿಲ್ಲ. ವ್ಯಾಪಾರ ಮುಗಿಸುವಾಗ ಎರಡು ಬೊಂಡ ಕೆತ್ತಿ, ಒಂದು ನನಗೆ ಕೊಟ್ಟು ಇನ್ನೊಂದು ತಾವು ಕುಡಿಯುವುದು ಅವರ ಪದ್ಧತಿ. ಮಾತು ಕಡಿಮೆ.

ಒಂದು ವರ್ಷ ಮಳೆ ಬಿಟ್ಟ ಮೇಲೆ ಅವರ ಮುಖ, ಕಾಲು ಊದತೊಡಗಿದವು, ಮೂತ್ರವೂ ಕಡಿಮೆಯಾಯಿತು. ಮೂತ್ರದ ತೊಂದರೆಗೆ ಬೊಂಡಕ್ಕಿಂತ ಮದ್ದಿಲ್ಲ ಅಂತ ನಮ್ಮಲ್ಲಿ ಎಲ್ಲರೂ ನಂಬಿದವರು. ಅವರೂ ಬೆಳಿಗ್ಗೆ ಸಂಜೆ ಕುಡಿದದ್ದೇ ಕುಡಿದದ್ದು. ಊತ ಇಳಿಯಲಿಲ್ಲ, ಸುಸ್ತು ಹೆಚ್ಚಾಯಿತು. ನನ್ನ ಟೆಂಪೊದಲ್ಲೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಕುತ್ತಿಗೆಯ ಗಂಟಿನಿಂದ ಚೂರು ತೆಗೆದು, ಕಿಡ್ನಿಗೂ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಲಿಂಫೋಮಾ ಅಂದರು, ಗ್ರಂಥಿಗಳ ಕ್ಯಾನ್ಸರ್. ಅದು ಕಿಡ್ನಿಯ ಒಳಗೂ ಸೇರಿಕೊಂಡಿತ್ತು. ಕಿಡ್ನಿ ಸೋತಾಗ ಬೊಂಡದ ನೀರಿನ ಪೊಟ್ಯಾಸಿಯಂ ಹೊರಗೆ ಹೋಗದೆ ಹೃದಯವನ್ನೇ ನಿಲ್ಲಿಸಬಹುದು ಅಂತ ಡಾಕ್ಟರು ಹೇಳಿದರು.

ಹೊರಗೆ ಬಂದು ಅಣ್ಣ ನಕ್ಕರು. "ಬೊಂಡ ಮಾರುವನಿಗೇ ಬೊಂಡ ಕುಡೂಕಾಗ ಅಂಬ್ರ್ ಮಾಣಿ! ಗಿರಾಕಿಗೆ ಗೊತ್ತಾರೆ ನನ್ ಹತ್ರ ಯಾರ್ ಬತ್ರ್?"

ಕ್ಯಾನ್ಸರ್ ಇಂಜೆಕ್ಷನ್ ಶುರುವಾಯಿತು. ನೋಡಲು ಬಂದವರೆಲ್ಲ ಬೊಂಡವನ್ನೇ ತಂದರು. ಬೇಡ ಅಂದರೆ ಬೇಜಾರು ಮಾಡಿಕೊಂಡು ಹೋದರು. ಮಂಚದ ಕೆಳಗೆ ಬೊಂಡ ತುಂಬಿತು, ಬರುವವರು ಕಡಿಮೆಯಾದರು...

ಇಂಜೆಕ್ಷನ್‌ಗಳ ನಡುವೆ ಸುಧಾರಿಸಿಕೊಂಡಾಗ ಚಪ್ಪರಕ್ಕೆ ಬರುತ್ತಿದ್ದರು. ಸಂಜೆ ಒಂದೇ ಬೊಂಡ ಕೆತ್ತುತ್ತಿದ್ದರು, ನನಗೆ. ನಾನು ಕುಡಿಯುವುದನ್ನೇ ನೋಡುತ್ತಾ, "ಡಾಕ್ಟ್ರ್ ಹೂಂ ಅಂದ್ ದಿನ ನೀನೇ ಕೆತ್ತಿ ಕೊಡ್ಕ್, ಆಯ್ತಾ?" ಅನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಆ ದಿನ ಬಂತು. ಮದ್ದಿಗೆ ಗಂಟು ಕರಗಿತು, ಕಿಡ್ನಿಯೂ ಚೇತರಿಸಿತು. ಸ್ವಲ್ಪ ಬೊಂಡ ಕುಡಿಯಬಹುದು ಅಂತ ಡಾಕ್ಟರು ಅಂದರು. ನಾನು ಕತ್ತಿ ಹಿಡಿದೆ. ಅರ್ಧ ನೀರು ನನ್ನ ಅಂಗಿಯ ಮೇಲೆ.

"ಹ್ವಾಯ್, ಬೊಂಡ ಕೆತ್ತೂದಾ, ಮೀಂಬುದಾ?" ಸ್ನಾನ ಮಾಡುತ್ತಿದ್ದೀಯಾ ಅಂತ ಅಣ್ಣನ ತಮಾಷೆ.

ಒಂದು ಗುಟುಕು ಬಾಯಲ್ಲಿಟ್ಟು ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ನುಂಗಲಿಲ್ಲ. ಆಮೇಲೆ, "ಕಬ್ಣ ನೆಕ್ಕಿದಾಂಗ್ ಇತ್ತ್ ಮಾಣಿ..." ಅಂದರು. ಮದ್ದು ಅವರ ನಾಲಿಗೆಯ ರುಚಿ ತೆಗೆದಿತ್ತು. ಬೊಂಡ ನನ್ನ ಕೈಗೆ ಕೊಟ್ಟರು. "ನೀ ಕುಡಿ. ಹ್ಯಾಂಗಿತ್ತ್ ಹೇಳ್."

"ಸೀ ಇತ್ತ್, ಅಣ್ಣ."

"ಎಷ್ಟ್ ಸೀ?"

ಇನ್ನೊಂದು ಗುಟುಕು ಕುಡಿದೆ. "ತುಂಬ" ಅಂದೆ. ಅವರು ಕಡಲಿನ ಕಡೆ ತಿರುಗಿ ಕುಳಿತರು.

ಮುಂದಿನ ಮಳೆಗಾಲಕ್ಕೆ ಕಾಯಿಲೆ ಮತ್ತೆ ಬಂತು. ಆ ಸಲ ಮದ್ದು ಹಿಡಿಯಲಿಲ್ಲ, ಅಣ್ಣ ಉಳಿಯಲಿಲ್ಲ... ರಸ್ತೆ ಅಗಲವಾದಾಗ ಚಪ್ಪರದ ಜಾಗವೂ ಹೋಯಿತು.

ಮೊನ್ನೆ ಸಾಸ್ತಾನದಲ್ಲಿ ಕುಡಿದದ್ದು ಒಳ್ಳೆಯ ಬೊಂಡ. ಹೇಗಿದೆ ಅಂತ ಕೇಳುವವರು ಪಕ್ಕದಲ್ಲಿ ಇರಲಿಲ್ಲ. ನಾಲಿಗೆ ಸೋತವರಿಗೆ ರುಚಿ ಹೇಳಬೇಕಾದ ಹೊತ್ತು ನಿಮಗೂ ಬಂದಿದ್ದರೆ, ಏನು ಹೇಳಿದಿರಿ ಅಂತ ದಯವಿಟ್ಟು ಬರೆಯಿರಿ. ನನಗೆ ಆ ಮಾತು ಇನ್ನೂ ಸಿಕ್ಕಿಲ್ಲ.